ಶನಿವಾರದ ಬೋಲ್ಟು

ಅಂಜಿನಯ್ಯನಿಗೆ ಸಿಟ್ಟು ಬಂದಾಗ ಮೊದಲು ಕೆಡುತ್ತಿದ್ದುದು ಕಿವಿ. ಬಾಯಿ ಚೆನ್ನಾಗಿಯೇ ಓಡುತ್ತಿತ್ತು, ಎದುರಿನವರ ಮಾತು ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಆ ಶುಕ್ರವಾರ ಸಂಜೆ ಸುಂಕದಕಟ್ಟೆಯ ಬಾಳೇಶನ ವೆಲ್ಡಿಂಗ್ ಅಂಗಡಿಯ ಮುಂದೆ ಆದದ್ದೂ ಅದೇ.

ಅಂಜಿನಯ್ಯನ ಹತ್ತಿರ ಒಂದು ಕಾಂಕ್ರೀಟ್ ಮಿಕ್ಸರ್ ಇತ್ತು. ಮನೆ ಕಟ್ಟುವವರು ತಾರಸಿಗೆ ಮೋಲ್ಡು ಹಾಕುವ ದಿನ ಅದನ್ನೂ, ಇಪ್ಪತ್ತು ಜನ ಆಳುಗಳನ್ನೂ ಕರೆದುಕೊಂಡು ಹೋಗುವುದು ಅವನ ಕಸುಬು. ಎರಡು ಚಕ್ರದ ಆ ಮಿಕ್ಸರನ್ನು ಯಾವುದಾದರೂ ಗಾಡಿ ಎಳೆದುಕೊಂಡು ಹೋಗಬೇಕು. ಇಷ್ಟು ವರ್ಷ ಮಧುಕುಮಾರನ ಟ್ರ್ಯಾಕ್ಟರ್ ಎಳೆಯುತ್ತಿತ್ತು. ಹೋದ ತಿಂಗಳು ಬಸವೇಶ್ವರನಗರದಲ್ಲಿ ಬೆಳಿಗ್ಗೆ ಏಳರ ಮೋಲ್ಡಿಗೆ ಮಧುಕುಮಾರ ಹತ್ತೂವರೆಗೆ ಬಂದ. ಅರ್ಧ ತಾರಸಿ ಮುಗಿಯುವಷ್ಟರಲ್ಲಿ ಮಳೆ ಹುಯ್ಯಿತು. ಮನೆಯ ಯಜಮಾನರು ಬೀದಿಯಲ್ಲಿ ಅಂಜಿನಯ್ಯನನ್ನು ನಿಲ್ಲಿಸಿಕೊಂಡು ಬೈದರು. ಅಂಜಿನಯ್ಯ ಮಧುಕುಮಾರನನ್ನು ನಿಲ್ಲಿಸಿಕೊಂಡು ಬೈದ. ಆ ಬೈಗುಳದಲ್ಲಿ ಟ್ರ್ಯಾಕ್ಟರು, ಮಧುಕುಮಾರನ ಅಪ್ಪ, ಅವನ ತಾತ ಎಲ್ಲರೂ ಬಂದು ಹೋದರು. ಇನ್ನು ಅವನನ್ನು ಕರೆಯುವ ದಾರಿ ಉಳಿದಿರಲಿಲ್ಲ.

ಮನೆ ಪಕ್ಕದ ಖಾಲಿ ಸೈಟಿನಲ್ಲಿ ಸ್ವಂತ ಪಿಕಪ್ಪು ನಿಂತಿರುತ್ತಿತ್ತು. ಅದರ ಹಿಂಭಾಗಕ್ಕೆ ಒಂದು ಕೊಂಡಿ ಕೂರಿಸಿದರೆ ಮಿಕ್ಸರನ್ನು ತಾನೇ ಎಳೆದುಕೊಂಡು ಹೋಗಬಹುದು. ಬಾಳೇಶ ದಪ್ಪ ತಗಡಿಗೆ ಕೊಂಡಿ ಬೆಸೆದು, ಪಿನ್ನು ಮಾಡಿ, ಕಪ್ಪು ಬಣ್ಣ ಹೊಡೆದು ಇಟ್ಟಿದ್ದ. ಭಾನುವಾರ ಬೆಳಿಗ್ಗೆ ಏಳಕ್ಕೆ ಕೆಂಗೇರಿ ಉಪನಗರದಲ್ಲಿ ಚಿಕ್ಕಣ್ಣನ ಮನೆಯ ಮೋಲ್ಡು. ಚಿಕ್ಕಣ್ಣ ಊರ ಶಾಲೆಯಲ್ಲಿ ಅಂಜಿನಯ್ಯನ ಜೊತೆ ಒಂದೇ ಮಣೆಯ ಮೇಲೆ ಕೂತವನು. ಬಸವೇಶ್ವರನಗರದ ಕತೆ ಅವನ ಕಿವಿಗೂ ಬಿದ್ದಿತ್ತು. "ಟೈಮಿಗೆ ಬರ್ತೀಯೇನೋ, ಇಲ್ಲ ಬೇರೆಯವರಿಗೆ ಹೇಳ್ಲಾ?" ಎಂದು ಕೇಳಿದ್ದ. 

"ನಾಳೆ ಗಾಡಿ ಇಲ್ಲೇ ಬಿಡ್ರಿ ಅಂಜಿನಣ್ಣ," ಎಂದ ಬಾಳೇಶ. ಅವನು ಗದಗದ ಕಡೆಯವನು, ಇಲ್ಲಿಗೆ ಬಂದು ಹದಿನೈದು ವರ್ಷವಾದರೂ ಮಾತು ಬದಲಾಗಿರಲಿಲ್ಲ. "ನಿಮ್ಮ ಚಾಸಿ ಎಡಗಡೆ ತುಕ್ಕು ಹಿಡದೈತಿ. ಒಳಗಿಂದ ಒಂದು ಕಬ್ಬಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗೀಬೇಕು. ಸಂಜೀಗೆ ಕೊಡ್ತೀನಿ."

"ನನ್ನ ಗಾಡಿಗೆ ತುಕ್ಕಾ?"

"ನಿಮಗಲ್ರೀ, ಗಾಡಿಗೆ."

ಅಂಗಡಿಯಲ್ಲಿ ಕೂತಿದ್ದ ಇಬ್ಬರು ನಕ್ಕರು. ಅಷ್ಟು ಸಾಕಾಯಿತು. "ನೀನು ಚಡ್ಡಿ ಹಾಕೋ ಕಾಲಕ್ಕೆ ನಾನು ಇಂಜಿನ್ ಇಳಿಸ್ತಿದ್ದೆ ಕಣಯ್ಯಾ. ನಾಲ್ಕು ತೂತು ಹೊಡೆಯೋದಕ್ಕೆ ನಿನ್ನ ಮುಂದೆ ದಿನವೆಲ್ಲ ಕೂರ್ಲಾ?" ಎಂದ ಅಂಜಿನಯ್ಯ, ದುಡ್ಡು ಇಟ್ಟು, ಕೊಂಡಿಯನ್ನೂ ಬೋಲ್ಟಿನ ಪೊಟ್ಟಣವನ್ನೂ ಪಿಕಪ್ಪಿಗೆ ಎಸೆದು ಹೊರಟ. ಹಿಂದಿನಿಂದ ಬಾಳೇಶ ಏನೋ ಕೂಗಿದ. ಕಿವಿ ಆಗಲೇ ಕೆಟ್ಟಿತ್ತು.

ಶನಿವಾರ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಪಿಕಪ್ಪಿನ ಕೆಳಗೆ ನುಗ್ಗಿದ. ಕೆಲಸ ಬಲ್ಲವನೇ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ, ಕೊಂಡಿಯ ತಗಡನ್ನು ಜಾಕಿನ ಮೇಲೆ ಎತ್ತಿ ಗಾಡಿಯ ತಳದ ಚಾಸಿಗೆ ಒತ್ತಿ ಹಿಡಿದ, ಸುಣ್ಣದ ಕಡ್ಡಿಯಲ್ಲಿ ಗುರುತು ಮಾಡಿದ. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಒಟ್ಟು ಎಂಟು ತೂತು. ಡ್ರಿಲ್ಲಿನ ಕೆಳಗೆ ಬಲಗಡೆಯ ಕಬ್ಬಿಣ ಹೊಳೆಯುವ ಸುರುಳಿಯಾಗಿ ಬಿತ್ತು. ಎಡಗಡೆಯದು ಕೆಂಪು ಹುಡಿಯಾಗಿ ಕಣ್ಣಿಗೆ ಉದುರಿತು. ಅಂಜಿನಯ್ಯ ಕಣ್ಣು ಒರೆಸಿಕೊಂಡನೇ ಹೊರತು ಅದರ ಬಗ್ಗೆ ಏನನ್ನೂ ಯೋಚಿಸಲಿಲ್ಲ.

ಅವನ ಹೆಂಡತಿ ಮುನಿಲಕ್ಷ್ಮಮ್ಮ ಟೀ ತಂದು ಚಕ್ರದ ಪಕ್ಕ ಇಟ್ಟಳು. "ಬಾಳೇಶನ ಹತ್ರ ಜಗಳ ಆಡ್ಕೊಂಡು ಬಂದ್ರಂತೆ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಶುಕ್ರವಾರ ಅಂಗಡಿಗೆ ಹೋದೋರು ಶನಿವಾರ ಗಾಡಿ ಕೆಳಗೆ ಮಲಗಿದ್ರೆ ಇನ್ನೇನು ಅರ್ಥ."

ಹನ್ನೊಂದರ ಹೊತ್ತಿಗೆ ಎಂಟು ತೂತೂ ಮುಗಿದವು. ಪೊಟ್ಟಣ ಬಿಚ್ಚಿದ. ಬೋಲ್ಟು ಆರೇ ಇದ್ದವು. ಗೋಣಿಚೀಲ ಕೊಡವಿದ, ಪಿಕಪ್ಪಿನ ಮೂಲೆ ಮೂಲೆ ತಡಕಿದ. ಆರೇ.

ಹಾರ್ಡ್‌ವೇರ್ ಅಂಗಡಿ ಎರಡು ತಿರುವಿನಾಚೆ ಇತ್ತು. ಆದರೆ ಅಂಜಿನಯ್ಯ ಶನಿವಾರ ಕಬ್ಬಿಣ ಕೊಳ್ಳುವವನಲ್ಲ. ಎಲ್ಲರ ಮನೆಯಲ್ಲೂ ಇರುವ ಮಾತೇ ಅದು. ಅವನಿಗೆ ಮಾತ್ರ ಅದಕ್ಕೊಂದು ಕಾರಣವಿತ್ತು, ಬೀದಿಗೆಲ್ಲ ಅದನ್ನು ಹೇಳಿದ್ದ. ಆರು ವರ್ಷದ ಹಿಂದೆ ಈ ಮಿಕ್ಸರನ್ನು ಸಸ್ತಾ ಸಿಕ್ಕಿತೆಂದು ಶನಿವಾರ ಮನೆಗೆ ತಂದಿದ್ದ. ಮೊದಲ ಮೋಲ್ಡಿನಲ್ಲೇ ಆಳು ಕಲ್ಮೇಶನ ಬಲಗೈ ತೋರುಬೆರಳು ಅದರ ಹಲ್ಲುಚಕ್ರಕ್ಕೆ ಸಿಕ್ಕಿ ಅರ್ಧ ಹೋಯಿತು. "ಶನಿವಾರದ ಕಬ್ಬಿಣ, ರಕ್ತ ಕುಡಿದೇ ಬಿಡ್ತು," ಎನ್ನುತ್ತಿದ್ದ ಅಂಜಿನಯ್ಯ. ಅಲ್ಲಿಂದೀಚೆಗೆ ಶನಿವಾರ ಒಂದು ಮೊಳೆಯನ್ನೂ ಕೊಂಡವನಲ್ಲ.

ಭಾನುವಾರ ಏಳಕ್ಕೆ ಮೊದಲು ಯಾವ ಅಂಗಡಿಯೂ ತೆಗೆದಿರುವುದಿಲ್ಲ. ಅಂಜಿನಯ್ಯ ಎದ್ದು ಮನೆಯ ಹಿತ್ತಿಲಿಗೆ ಹೋದ. ಅಲ್ಲಿ ಅವನ ತಾತನ ಕಾಲದ ಕಬ್ಬಿಣದ ಮಂಚ ಗೋಡೆಗೆ ಒರಗಿ ನಿಂತಿತ್ತು. ಅದರ ಕಾಲಿಗೆ ಹಾಕಿದ್ದ ಬೋಲ್ಟು ಕಿರುಬೆರಳ ಗಾತ್ರ, ಅಳತೆ ಸರಿಯಾಗಿ ಕೂರುತ್ತಿತ್ತು. ಎರಡನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ತಂದ.

ಮಗಳು ಸ್ಪಂದನ ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದಳು. ಫೋನು ಹಿಡಿದುಕೊಂಡೇ ಬಂದು ಕುಕ್ಕರುಗಾಲಿನಲ್ಲಿ ಕೂತಳು. "ಅಪ್ಪ, ಆ ಆರು ಬೋಲ್ಟಿನ ತಲೆ ಮೇಲೆ ಎಂಟು ಪಾಯಿಂಟ್ ಎಂಟು ಅಂತ ನಂಬರ್ ಇದೆ. ಈ ಎರಡರ ಮೇಲೆ ಏನೂ ಇಲ್ವಲ್ಲ."

"ಬೋಲ್ಟಿಗೂ ಮಾರ್ಕ್ಸ್ ಕಾರ್ಡ್ ಬೇಕೇನಮ್ಮ?"

"ಬೇಕು. ನಂಬರ್ ಇಲ್ದೇ ಇರೋದು ಭಾರಕ್ಕೆ ಬಗ್ಗುತ್ತೆ ಅಂತ ವಿಡಿಯೋದಲ್ಲಿ ಹೇಳ್ತಿದಾರೆ. ಜೊತೆಗೆ ಒಂದು ಸರಪಳಿನೂ ಕಟ್ಟಬೇಕಂತೆ, ಪಿನ್ನು ಕಳಚಿದ್ರೂ ಹಿಡ್ಕೊಳ್ಳೋಕೆ."

"ವಿಡಿಯೋದವನು ಬಂದು ಮೋಲ್ಡು ಹಾಕ್ತಾನಾ? ಆ ಸ್ಪ್ಯಾನರ್ ಕೊಡು ಇತ್ತ."

ಆದರೂ ಸರಪಳಿಯ ಮಾತು ತಲೆಯಲ್ಲಿ ಉಳಿಯಿತು. ಸ್ಪಂದನ ಮಗುವಾಗಿದ್ದಾಗ ತೂಗುಹಾಕಿದ್ದ ಉಯ್ಯಾಲೆಯ ಸರಪಳಿ ಅಟ್ಟದ ಮೇಲಿತ್ತು. ಹಳೆಯ ಕಬ್ಬಿಣ, ಮನೆಯದೇ, ದೋಷವಿಲ್ಲ. ಅದನ್ನು ಇಳಿಸಿ ಒಂದು ತುದಿಯನ್ನು ಕೊಂಡಿಗೆ ಕಟ್ಟಿದ. ಮಗಳು ಗೆದ್ದವಳಂತೆ ಒಳಗೆ ಹೋದಳು.

ಊಟ ಮುಗಿಸಿ ಮಿಕ್ಸರನ್ನು ಕೊಂಡಿಗೆ ಸಿಕ್ಕಿಸಿ, ಸರಪಳಿಯ ಇನ್ನೊಂದು ತುದಿಯನ್ನು ಅದಕ್ಕೆ ಬಿಗಿದು ಒಂದು ಸುತ್ತು ಹೊರಟ. ಪಿಕಪ್ಪು ಎಳೆಯಿತು, ಮಿಕ್ಸರು ಹಿಂದೆ ಹಿಂದೆ ಬಂತು. ಕಾಯಿಪಲ್ಲೆ ಗಾಡಿಯವನು ದಾರಿ ಬಿಟ್ಟು, "ಏನಣ್ಣಾ, ಟ್ರ್ಯಾಕ್ಟರ್ ಇಲ್ಲ?" ಎಂದ. "ಟ್ರ್ಯಾಕ್ಟರ್ ಯಾಕಯ್ಯಾ, ಇನ್ಮೇಲೆ ನಾನೇ ರಾಜ," ಎಂದ ಅಂಜಿನಯ್ಯ. ಹಾಗೆಂದು ಬಾಯಿ ಮುಚ್ಚುವ ಮೊದಲೇ ರಸ್ತೆಯ ಹಂಪು ಬಂತು. ಪಿಕಪ್ಪಿನ ಚಕ್ರ ಹತ್ತಿ ಇಳಿಯಿತು. ಮಿಕ್ಸರಿನ ಚಕ್ರ ಹತ್ತಿ ಇಳಿಯುವಾಗ ಹಿಂದಿನಿಂದ ಟಕ್ಕೆಂದು ಒಂದು ಸದ್ದು.

ಸಣ್ಣ ಸದ್ದು. ಒಣ ಕಡ್ಡಿ ಮುರಿದಷ್ಟೇ. ಬೇರೆ ಯಾರಿಗೂ ಕೇಳಿಸಿರಲಾರದು. ಆ ಹೊತ್ತಿನಲ್ಲಿ ಅಂಜಿನಯ್ಯನಿಗೆ ಸಿಟ್ಟಿರಲಿಲ್ಲ, ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಮನೆಗೆ ಬಂದು ಗಾಡಿಯ ಕೆಳಗೆ ತೂರಿ ನೋಡಿದ. ಎಡಗಡೆಗೆ ಹಾಕಿದ್ದ ಎರಡು ಮಂಚದ ಬೋಲ್ಟುಗಳಲ್ಲಿ ಒಂದು ತಲೆ ಬಾಗಿಸಿತ್ತು. ತಗಡಿಗೂ ಚಾಸಿಗೂ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಸುಂಕದಕಟ್ಟೆಯಿಂದ ಕೆಂಗೇರಿ ಉಪನಗರಕ್ಕೆ ಹೇರೋಹಳ್ಳಿ, ಉಳ್ಳಾಲದ ಮೇಲೆ ಹೋಗಬೇಕು. ಎಷ್ಟು ಹಂಪು, ಎಷ್ಟು ಇಳಿಜಾರು ಎಂದು ಮಲಗಿದ್ದಲ್ಲೇ ಎಣಿಸಿದ. ಹದಿನಾಲ್ಕರವರೆಗೆ ಎಣಿಸಿ ಬಿಟ್ಟುಬಿಟ್ಟ.

ಮಿಕ್ಸರ್ ಕಳಚಿ ಪಕ್ಕಕ್ಕೆ ನಿಲ್ಲಿಸಿದ. ಪಿಕಪ್ಪನ್ನು ಮಾತ್ರ ತೆಗೆದುಕೊಂಡು ಬಾಳೇಶನ ಅಂಗಡಿಗೆ ಹೋದ. ಗಾಡಿಯಿಂದ ಇಳಿಯದೆ, ಕಿಟಕಿಯಲ್ಲಿ ತಲೆ ಹಾಕಿ, "ಬೋಲ್ಟು ಎರಡು ಕಡಿಮೆ ಕೊಟ್ಟಿದೀಯ," ಎಂದ.

ಬಾಳೇಶ ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದ. ಮೇಜಿನ ಡ್ರಾಯರ್ ಎಳೆದು, ಕಾಗದದಲ್ಲಿ ಸುತ್ತಿದ್ದ ಎರಡು ಬೋಲ್ಟನ್ನು ಮೇಲಿಟ್ಟ. "ಕಡಿಮಿ ಎಲ್ಲಿ ಕೊಟ್ಟೀನ್ರೀ. ಆರು ಪೊಟ್ಟಣದಾಗ ಇದ್ದವು, ಎರಡು ಬ್ಯಾರೆ ಡಬ್ಬಿಯಿಂದ ತಗಿಯಾಕತ್ತಿದ್ದೆ. ನಿಲ್ರಿ, ನಿಲ್ರಿ ಅಂತ ಒದರಿದೆ. ನೀವು ತಿರುಗಿ ನೋಡ್ಲಿಲ್ಲ."

"ಫೋನ್ ಮಾಡ್ಬೇಕಾಗಿತ್ತು."

"ನನಗೂ ಸಿಟ್ಟು ಬರತೈತ್ರೀ ಅಂಜಿನಣ್ಣ."

ಅಂಜಿನಯ್ಯ ಕಿಟಕಿಯಿಂದಲೇ ಕತ್ತು ಚಾಚಿದ. ಬೋಲ್ಟಿನ ಕಡೆ ನೋಡಿದ, ಮುಟ್ಟಲಿಲ್ಲ. ಬಾಳೇಶನಿಗೆ ಅರ್ಥವಾಯಿತು. ಈ ಸುಂಕದಕಟ್ಟೆಯಲ್ಲಿ ಶನಿವಾರ ಅವನಿಗೆ ವ್ಯಾಪಾರ ಕಮ್ಮಿ ಎಂಬುದು ಹದಿನೈದು ವರ್ಷದ ಅನುಭವ. "ನಮಗ ಏಳೂ ದಿನಾ ಒಂದ. ಆದ್ರ ನಿಮಗ ಹೇಳ್ತೀನಿ ಕೇಳ್ರಿ, ಇವಕ್ಕ ನಿನ್ನೆನ ರೊಕ್ಕ ಕೊಟ್ಟೀರಿ. ಇವು ಶುಕ್ರವಾರದ ಬೋಲ್ಟು. ರಾತ್ರಿ ನನ್ನ ಡ್ರಾಯರ್‌ದಾಗ ಮಲಗಿದ್ವು ಅಷ್ಟ."

ಅಂಜಿನಯ್ಯನಿಗೆ ಎದೆ ಹಗುರಾಯಿತು. ಈ ಲೆಕ್ಕವನ್ನು ಯಾವ ಶನಿದೇವರೂ ತಳ್ಳಿಹಾಕುವಂತಿರಲಿಲ್ಲ. ಗಾಡಿಯಿಂದ ಇಳಿದ. "ನೀನೇ ಹಾಕಿಬಿಡು," ಎಂದ. ಅವನ ಬಾಯಲ್ಲಿ ತಪ್ಪಾಯಿತು ಎಂಬ ಮಾತಿಗೆ ಅದಕ್ಕಿಂತ ಹತ್ತಿರದ್ದು ಬರುವ ಹಾಗಿರಲಿಲ್ಲ, ಬಾಳೇಶನೂ ಅಷ್ಟಕ್ಕೇ ಒಪ್ಪಿಕೊಂಡ.

ಬಾಳೇಶ ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ಹೋದ. ಬಾಗಿದ ಬೋಲ್ಟನ್ನು ಬಿಚ್ಚಿ ಹೊರಗೆ ಉರುಳಿಸಿದ. "ಎಲ್ಲೀದ್ರೀ ಇದು?"

"ಮನೇಲಿತ್ತು. ಮಂಚದ್ದು."

"ಅದಕ್ಕ ರೀ. ಮಂಚದ ಬೋಲ್ಟಿಗೆ ಮಲಗಿ ರೂಢಿ."

ಅಂಜಿನಯ್ಯನಿಗೂ ನಗು ಬಂತು. ಕೆಳಗಿನಿಂದ ಸುತ್ತಿಗೆಯಲ್ಲಿ ಚಾಸಿ ತಟ್ಟುವ ಸದ್ದು ಬಂತು. ಆಮೇಲೆ ಬಾಳೇಶ ಮುಖ ಹೊರಗೆ ಹಾಕಿದ. "ಬೋಲ್ಟ್ ಹಾಕಿದ್ರ ಆಗಂಗಿಲ್ರಿ. ಎಡಗಡೆ ಚಾಸಿ ತಿಂದು ಹೋಗೈತಿ. ಹೊಸಾ ಬೋಲ್ಟ್ ಬಾಗಂಗಿಲ್ಲ, ಚಾಸೀನ ಹರಕೊಂಡು ಬರತೈತಿ. ಒಳಗಿಂದ ಪಟ್ಟಿ ಕೊಡಬೇಕು ಅಂತ ನಿನ್ನೆನ ಹೇಳಿದ್ದೆ. ಪಟ್ಟಿ ಮಾತ್ರ ಶುಕ್ರವಾರದ್ದಲ್ಲ. ಈಗ ಕಟ್ ಮಾಡಬೇಕು. ಹಾಕ್ಲೋ ಬ್ಯಾಡೋ?"

ಅಂಜಿನಯ್ಯ ಬಾಗಿದ ಬೋಲ್ಟನ್ನು ಕಾಲಲ್ಲಿ ಹೊರಳಿಸಿದ. ಬೋಲ್ಟನ್ನಷ್ಟೇ ಹಾಕಿಸಿಕೊಂಡು, ನಿಧಾನಕ್ಕೆ ಹೋಗಿ, ಸೋಮವಾರ ಬಂದು ಪಟ್ಟಿ ಹಾಕಿಸಬಹುದು. ಒಂದೇ ದಿನದ ಮಾತು. ಸರಪಳಿಯೂ ಇದೆ. ಹೀಗೆ ಯೋಚಿಸುತ್ತಿರುವಾಗ ಫೋನು ಬಂತು. ಕಲ್ಮೇಶ.

"ಅಣ್ಣಾ, ನಾಳೆ ಆರಕ್ಕ ಬಿಡ್ತೀವಲ್ಲ? ಪಿಕಪ್‌ನಾಗ ಹುಡುಗ್ರು ತುಂಬ್ಕೊಂತಾರ. ನಾನೂ ಗುರುದೇವೀನೂ ಬೈಕ್ ಮ್ಯಾಲ ಬರ್ತೀವಿ. ದಾರಿ ನನಗ ಗೊತ್ತಿಲ್ಲ, ನಿಮ್ಮ ಮಿಕ್ಸರ್ ಹಿಂದಿಂದನ ಬರ್ತೀನಿ."

"ಹಿಂದೇನೇ ಬರ್ತೀಯಾ?"

"ಹೂಂ ಅಣ್ಣಾ. ಬಿಡದಂಗ."

ಗುರುದೇವಿ ಕಲ್ಮೇಶನ ಹೆಂಡತಿ. ಮೋಲ್ಡಿನಲ್ಲಿ ಕಾಂಕ್ರೀಟಿನ ಬಾಂಡಲಿ ಹೊರುತ್ತಿದ್ದಳು. ಅಂಜಿನಯ್ಯ ಫೋನು ಜೇಬಿಗೆ ಹಾಕಿಕೊಂಡ. ಆರು ವರ್ಷದ ಹಿಂದಿನ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಬೀದಿಗೆಲ್ಲ ಹೇಳಿದ ಕತೆಯಲ್ಲಿ ಬಿಟ್ಟುಹೋಗಿದ್ದ ಒಂದು ಭಾಗವಿತ್ತು. ಮಿಕ್ಸರಿನ ಹಲ್ಲುಚಕ್ರದ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ. ಹಿಂದಿನ ದಿನ ಗ್ರೀಸ್ ಹಚ್ಚಲು ಅದನ್ನು ಬಿಚ್ಚಿದವನು ಅಂಜಿನಯ್ಯನೇ. ಮತ್ತೆ ಹಾಕಲು ಎರಡು ಬೋಲ್ಟು ಬಿಗಿಯಬೇಕಿತ್ತು. ನಾಳೆ ಹಾಕಿದರಾಯಿತು, ಒಂದೇ ದಿನದ ಮಾತು ಎಂದು ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಕಲ್ಮೇಶನ ಬೆರಳು ತಿಂದದ್ದು ಶನಿವಾರವಲ್ಲ. ಶನಿವಾರಕ್ಕೆ ಬಾಯಿ ಇರಲಿಲ್ಲ, ಅದಕ್ಕೇ ಅದರ ಮೇಲೆ ಹೊರಿಸುವುದು ಸುಲಭವಾಗಿತ್ತು.

"ಹಾಕು," ಎಂದ ಬಾಳೇಶನಿಗೆ.

"ಇವತ್ತ?"

"ಇವತ್ತೇ. ದಪ್ಪದ್ದೇ ಹಾಕು. ಆಚೆ ಬದಿಗೂ ಒಂದು ಕೊಡು. ಸಾಲ ಗೀಲ ಬೇಡ, ದುಡ್ಡೂ ಈಗಲೇ ತಗೋ. ಶನಿವಾರನೇ ಕೊಂಡೆ ಅಂತಾಗ್ಲಿ."

ಬಾಳೇಶ ಒಂದು ಕ್ಷಣ ಅವನ ಮುಖ ನೋಡಿದ. ಕಟ್ಟಿಂಗ್ ಮಿಷನ್ ಹಚ್ಚಿದ. ಕಿಡಿ ಹಾರಿತು. ಪಟ್ಟಿ ಕೊಟ್ಟು, ಎಂಟು ಬೋಲ್ಟೂ ಬಿಗಿದು, ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಕೊಂಡಿಯ ಮೇಲೆ ನಿಂತು ಕುಣಿದು ನೋಡಿದರು. ಕೊಂಡಿ ಅಲುಗಲಿಲ್ಲ, ಗಾಡಿಯೇ ಅಲುಗಿತು. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಇಬ್ಬರು ನಡುವಯಸ್ಸಿನ ಗಂಡಸರು ಪಿಕಪ್ಪಿನ ಹಿಂದೆ ಯಾಕೆ ಕುಣಿಯುತ್ತಿದ್ದಾರೆಂದು ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ಹೂ ಕಟ್ಟುತ್ತಿದ್ದಳು. ಅಂಜಿನಯ್ಯ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಟ್ಟ.

"ಇವತ್ತು ಕಬ್ಬಿಣ ಕೊಂಡೆ ಕಣೇ."

ಅವಳು ದಾರ ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಬೇಕಾಗಿತ್ತಾ?"

"ಬೇಕಾಗಿತ್ತು." ಚಪ್ಪಲಿಯನ್ನು ಜೋಡಿಸಿಟ್ಟು, "ಅವತ್ತು, ಕಲ್ಮೇಶನಿಗೆ ಆಯ್ತಲ್ಲ, ಅವತ್ತು ಆ ಮುಚ್ಚಳ ಹಾಕಿರ್ಲಿಲ್ಲ ಕಣೇ ನಾನು."

"ಗೊತ್ತು."

"ಯಾರು ಹೇಳಿದ್ದು?"

"ನೀರಿನ ತೊಟ್ಟಿ ಪಕ್ಕ ಬಿದ್ದಿತ್ತಲ್ಲ, ಪಾತ್ರೆ ತೊಳೆಯೋಕೆ ಹೋದಾಗ ಕಾಲಿಗೆ ತಗುಲ್ತು. ಆಸ್ಪತ್ರೆಯಿಂದ ಬಂದೋರೇ ಸದ್ದಿಲ್ದೆ ತಗೊಂಡು ಹೋದ್ರಿ."

"ಆರು ವರ್ಷ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಕೇಳಿಸ್ಕೊಳ್ತಿದ್ರಾ?"

ಅಂಜಿನಯ್ಯ ಎದ್ದು ಕೈಕಾಲು ತೊಳೆಯಲು ಹೋದ.

ಭಾನುವಾರ ಐದೂವರೆಗೆ ಆಳುಗಳು ಬಂದರು. ಮುನಿಲಕ್ಷ್ಮಮ್ಮ ಪಿಕಪ್ಪಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ನಾಲ್ಕೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಆಮೇಲೆ ಸೆರಗಿನಿಂದ ಇನ್ನೆರಡು ತೆಗೆದು ಮಿಕ್ಸರಿನ ಚಕ್ರಗಳ ಮುಂದೆ ಇಟ್ಟಳು.

"ಅದಕ್ಕೂನಾ ಅಮ್ಮ?" ಎಂದಳು ಸ್ಪಂದನ ಆಕಳಿಸುತ್ತ.

"ಕೊಂಡಿ ಹಾಕಿದ್ಮೇಲೆ ಅದೂ ಗಾಡಿ ತಾನೆ."

ಕಲ್ಮೇಶ ಬೈಕಿನಲ್ಲಿ ಕೂತೇ ನೋಡುತ್ತಿದ್ದ. ಹಿಂದೆ ಗುರುದೇವಿ ತಲೆಗೆ ಟವಲು ಸುತ್ತಿಕೊಂಡು, ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಂಜಿನಯ್ಯ ಅವನ ಹತ್ತಿರ ಹೋದ. ಬ್ರೇಕಿನ ಮೇಲೆ ಇಟ್ಟಿದ್ದ ಬಲಗೈಯ ಅರ್ಧ ಬೆರಳನ್ನು ನೋಡಿದ. ಹೇಳಬೇಕೆಂದುಕೊಂಡಿದ್ದ ಮಾತು ಎಲ್ಲರೆದುರಿಗೆ ಬರಲಿಲ್ಲ.

"ತೀರ ಅಂಟ್ಕೊಂಡು ಬರ್ಬೇಡ. ಜಾಗ ಬಿಟ್ಟು ಬಾ," ಎಂದ. ನಂತರ, "ಮೋಲ್ಡು ಮುಗಿದ್ಮೇಲೆ ಸಿಗು. ನಿನ್ನ ಹತ್ರ ಒಂದು ಮಾತಾಡೋದಿದೆ."

"ಬೈಯೋದಾ ಅಣ್ಣಾ?"

"ಇಲ್ಲ. ಈ ಸಲ ನೀನು ಬೈಬೇಕಾಗುತ್ತೆ."

ಕಲ್ಮೇಶನಿಗೆ ಏನೂ ಅರ್ಥವಾಗಲಿಲ್ಲ. ಪಿಕಪ್ಪು ಹೊರಟಿತು. ನಾಲ್ಕು ನಿಂಬೆಹಣ್ಣು ಒಡೆದವು, ಹಿಂದೆಯೇ ಇನ್ನೆರಡು. ಹೇರೋಹಳ್ಳಿ ದಾಟಿ ಉಳ್ಳಾಲದ ಕಡೆ ತಿರುಗುವಾಗ ಬಿಸಿಲು ಇನ್ನೂ ಬಿದ್ದಿರಲಿಲ್ಲ. ಆ ರಸ್ತೆಯ ಮೊದಲ ಹಂಪಿನ ಹತ್ತಿರ ಅಂಜಿನಯ್ಯ ವೇಗ ಇಳಿಸಿ, ಪಕ್ಕದಲ್ಲಿ ಮಾತಾಡುತ್ತಿದ್ದ ಆಳಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ಕಿಟಕಿಯ ಗಾಜು ಪೂರ್ತಿ ಇಳಿಸಿದ. ಪಿಕಪ್ಪಿನ ಚಕ್ರ ಹತ್ತಿ ಇಳಿಯಿತು. ಮಿಕ್ಸರಿನ ಚಕ್ರ ಹತ್ತಿ ಇಳಿಯಿತು. ಸರಪಳಿ ಸ್ವಲ್ಪ ಕಿಲಕಿಲ ಎಂದಿತು, ಅಷ್ಟೆ.

ಕನ್ನಡಿಯಲ್ಲಿ ನೋಡಿದ. ಮಿಕ್ಸರಿನ ಹಿಂದೆ, ಹೇಳಿದಷ್ಟೇ ಜಾಗ ಬಿಟ್ಟು, ಬೈಕಿನ ದೀಪ ಬರುತ್ತಿತ್ತು. ಕೆಂಗೇರಿ ಉಪನಗರ ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷ ಇತ್ತು. ಚಿಕ್ಕಣ್ಣ ಗೇಟಿನಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಅಂಜಿನಯ್ಯ ಅವನ ಕಡೆ ನೋಡದೆ ಮೊದಲು ಕೆಳಗಿಳಿದು ಗಾಡಿಯ ಹಿಂದಕ್ಕೆ ಹೋದ. ಕೊಂಡಿಯ ಎಂಟು ಬೋಲ್ಟಿನ ತಲೆಯನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಮಿಕ್ಸರಿನ ಮುಚ್ಚಳದ ಎರಡು ಬೋಲ್ಟನ್ನೂ ಮುಟ್ಟಿದ. ಆಮೇಲೆ ಕಲ್ಮೇಶನಿಗೆ ಮಿಕ್ಸರ್ ಶುರು ಮಾಡಲು ಹೇಳಿದ.